ಬೆಳ್ಳಮ್ಮನ ಐದಕ್ಷರ

ವಿರಾಜಪೇಟೆಯ ಹೊರಗಿನ ಆ ಹೈಸ್ಕೂಲಿನಲ್ಲಿ ವಿಮಲಮ್ಮ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಜಗಲಿಯ ಬೋರ್ಡಿನ ಮೇಲೆ ಅವರೊಂದು ಒಗಟು ಬರೆಯುತ್ತಿದ್ದರು: ಇಷ್ಟು ಅಕ್ಷರದ ಇಂಗ್ಲಿಷ್ ಪದ, ಒಳಗೆ ಇಂತಿಂಥ ಅಕ್ಷರ ಇರಲೇಬೇಕು. ಹೊಳೆದ ಪದಗಳನ್ನೆಲ್ಲ ಚೀಟಿಯಲ್ಲಿ ಬರೆದು ಶುಕ್ರವಾರದೊಳಗೆ ಡಬ್ಬಿಗೆ ಹಾಕಬೇಕು. ನಾಲ್ಕೈದು ಪದ ಹುಡುಕುವಷ್ಟರಲ್ಲಿ ಮಕ್ಕಳು ಸುಸ್ತಾಗುತ್ತಿದ್ದರು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ವಿಮಲಮ್ಮ ಉಳಿದ ಹತ್ತು ಹನ್ನೆರಡು ಪದಗಳನ್ನು ಸರಸರನೆ ಬರೆಯುವರು. ಸಾಲಾಗಿ ನಿಂತ ಮಕ್ಕಳು ಬಾಯಿಬಿಟ್ಟು ನೋಡುವರು. ಆ ನೋಟದಲ್ಲೇ ಅವರ ವಾರ ತುಂಬುತ್ತಿತ್ತು.

ಜುಲೈಯಲ್ಲಿ ಡಬ್ಬಿಯೊಳಗೆ ಹೆಸರಿಲ್ಲದ ಒಂದು ಚೀಟಿ ಸಿಕ್ಕಿತು. ಗುಂಡುಗುಂಡಾದ ಬರಹದಲ್ಲಿ ಹತ್ತೊಂಬತ್ತು ಪದ. ವಿಮಲಮ್ಮನ ಪಟ್ಟಿಯಲ್ಲೇ ಇದ್ದದ್ದು ಹದಿನಾರು. ಮುಂದಿನ ವಾರವೂ ಹಾಗೆಯೇ ಆಯಿತು. ಎಂಟನೇ ಕ್ಲಾಸಿನ ಲಿಖಿತಾಳನ್ನು ವಿಚಾರಿಸಿದಾಗ, ಅದು ಬಿಸಿಯೂಟದ ಬೆಳ್ಳಮ್ಮಕ್ಕನ ಚೀಟಿ ಎಂದು ಅವಳು ಹೇಳಿಬಿಟ್ಟಳು.

ಬೆಳ್ಳಮ್ಮ ಅಡುಗೆ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಓದಿದ್ದು ಏಳನೇ ಕ್ಲಾಸು. ವಿಮಲಮ್ಮನಿಗೆ ಮೊದಲು ಬಂದದ್ದು ಅನುಮಾನ. ಫೋನ್ ನೋಡಿ ಬರೆಯುತ್ತಿರಬೇಕು ಅಂದುಕೊಂಡರು. ಉಪ್ಪು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನೋಡಿದರೆ ಅವಳ ಹತ್ತಿರ ಇದ್ದದ್ದು ಬಟನ್ ಒತ್ತುವ ಹಳೇ ಫೋನು. ಅವಳೇ ನಾಚಿಕೊಂಡು ವಿಷಯ ಹೇಳಿದಳು. ಅಮ್ಮತ್ತಿ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ ಪೂವಮ್ಮ ಎಂಬ ವಯಸ್ಸಾದವರನ್ನು ಅವಳು ದೊಡ್ಡಮ್ಮ ಎಂದು ಕರೆಯುತ್ತ ಹದಿನಾಲ್ಕು ವರ್ಷ ನೋಡಿಕೊಂಡಿದ್ದಳು. ಅವರಿಗೆ ಕಾಲು ಸ್ವಾಧೀನವಿರಲಿಲ್ಲ. ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡುವ ಆಟವೆಂದರೆ ಜೀವ, ಆದರೆ ಜೊತೆಗೆ ಆಡುವವರು ಯಾರೂ ಇರಲಿಲ್ಲ. ಹಾಗಾಗಿ ಇವಳನ್ನೇ ಕೂರಿಸಿಕೊಂಡು ಕಲಿಸಿದರು. ಅವರು ತೀರಿಕೊಂಡ ಮೇಲೆ ಬೆಳ್ಳಮ್ಮ ಇಲ್ಲಿಗೆ ಬಂದಿದ್ದಳು.

ಕೇಳಿ ಖುಷಿಪಡಬೇಕಾದ ಮಾತು. ವಿಮಲಮ್ಮನ ಎದೆಯಲ್ಲಿ ಮಾತ್ರ ಉರಿ ಎದ್ದಿತು. ತಾನು ಎಂಎ ಮಾಡಿದ್ದು ರಾತ್ರಿಯೆಲ್ಲ ಓದಿ, ಮನೆಯವರ ಕೈಲಿ ಬೈಸಿಕೊಂಡು. ಇವಳಿಗೆ ಆಟವಾಡುತ್ತಲೇ ಬಂದುಬಿಟ್ಟಿತೇ? ಊಟದ ಬಿಡುವಿನಲ್ಲಿ ಮಕ್ಕಳು ತಟ್ಟೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆಳ್ಳಮ್ಮನನ್ನು ಪದ ಕೇಳತೊಡಗಿದರು. ಸ್ಟಾಫ್ ರೂಮಿನಲ್ಲಿ ಹೆಡ್ ಮಾಸ್ಟರು, ಇನ್ನು ನಿಮಗೆ ರಜೆ ಕೊಡಬಹುದು ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು, ವಿಮಲಮ್ಮನೂ ನಕ್ಕರು. ಮರುದಿನದಿಂದ ಶಾಲೆಯ ಸಾರು ಖಾರವೆಂದು ಹೇಳಿ ಮನೆಯಿಂದ ಡಬ್ಬಿ ತರತೊಡಗಿದರು.

ಆಗಸ್ಟಿನ ಒಂದು ವಾರ ಒಗಟು ಹೀಗಿತ್ತು: ಐದು ಅಕ್ಷರ, ಒಳಗೆ ಎ, ಓ, ಆರ್ ಇರಬೇಕು. ಮಕ್ಕಳು ಬೋರ್ಡ್, ಆಕ್ಟರ್, ರೋಸ್ಟ್ ಎಂದೆಲ್ಲ ಬರೆದಿದ್ದರು. ಬೆಳ್ಳಮ್ಮನ ಚೀಟಿಯಲ್ಲಿ ಇಪ್ಪತ್ತೆರಡು ಪದಗಳಿದ್ದವು. ಅದರಲ್ಲೊಂದು ವಿಮಲಮ್ಮ ಕಂಡುಕೇಳದ ಪದ: ಎ, ಆರ್, ಓ, ಐ, ಡಿ. ಅವರಿಗೆ ಇದೇ ಬೇಕಾಗಿತ್ತು.

ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಬೆಳ್ಳಮ್ಮನನ್ನು ಕರೆಸಿದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಕ್ಕಳೆದುರು ನಿಂತಳು. ಆ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ವಿಮಲಮ್ಮ ಕೇಳಿದರು:

"ಇದರ ಅರ್ಥ ಹೇಳು ಬೆಳ್ಳಮ್ಮ."

"ಅರ್ಥ ಗೊತ್ತಿಲ್ಲ ಮಿಸ್. ದೊಡ್ಡಮ್ಮ ಆಡ್ತಿದ್ರು. ಪದ ಇದೆ ಅಂತ ಮಾತ್ರ ಗೊತ್ತು."

ಅರ್ಥವೇ ಗೊತ್ತಿಲ್ಲದೆ ಪದ ಜೋಡಿಸುವುದು ಗಿಳಿಪಾಠ, ಅದನ್ನು ಕಲಿಕೆ ಅನ್ನುವುದಿಲ್ಲ ಎಂದು ವಿಮಲಮ್ಮ ಮಕ್ಕಳಿಗೆ ವಿವರಿಸಿದರು. ಆಮೇಲೆ ಆ ಪದದ ಮೇಲೆ ಗೀಟು ಎಳೆದರು. ಹಿಂದಿನ ಸಾಲಿನ ಇಬ್ಬರು ಕಿಸಕ್ಕನೆ ನಕ್ಕರು. ಬೆಳ್ಳಮ್ಮ ತಲೆಯಾಡಿಸಿ, ಒಲೆಯ ಮೇಲೆ ಅನ್ನ ಇದೆ ಎಂದು ಹೊರಟುಹೋದಳು.

ಸಂಜೆ ಗೋಣಿಕೊಪ್ಪಲಿನ ಬಸ್ಸಿನಲ್ಲಿ ಕೂತಾಗ ವಿಮಲಮ್ಮನಿಗೆ ಗೆದ್ದ ಸಮಾಧಾನವಿತ್ತು. ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಲೆಂದೇ ಮೊಬೈಲಿನ ಡಿಕ್ಷನರಿಯಲ್ಲಿ ಆ ಐದು ಅಕ್ಷರ ಒತ್ತಿದರು. ಪದ ಇತ್ತು. ಅರ್ಥವೂ ಇತ್ತು: ಕೆಸುವಿನ ಜಾತಿಗೆ ಸೇರಿದ ಗಿಡ.

ಅವರು ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದರು. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ ಅಂದುಕೊಂಡರು. ಒಂಬತ್ತು ದಿನ ಬಾಯಿಬಿಡಲಿಲ್ಲ. ಬೆಳ್ಳಮ್ಮ ಚೀಟಿ ಹಾಕುವುದನ್ನು ನಿಲ್ಲಿಸಿದಳು. ಮಕ್ಕಳು ಪದ ಕೇಳಿದರೆ, ಮಿಸ್ ಹತ್ತಿರ ಕೇಳಿ, ಅವರಿಗೆ ಅರ್ಥ ಗೊತ್ತು ಅನ್ನುತ್ತಿದ್ದಳಂತೆ. ಲಿಖಿತಾ ಇದನ್ನು ಬಂದು ಹೇಳಿದಾಗ ಕೊಂಕಿನ ಮಾತಿರಬೇಕೆಂದು ವಿಮಲಮ್ಮ ಕೆದಕಿ ಕೆದಕಿ ಕೇಳಿದರು. ಕೊಂಕು ಇರಲಿಲ್ಲ. ಅದನ್ನು ನುಂಗಿಕೊಳ್ಳುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಹತ್ತನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಅವರು ಬೆಳ್ಳಮ್ಮನನ್ನು ಕರೆಸಿ, ಅದೇ ಪದವನ್ನು ಮತ್ತೆ ಬರೆದು ಅರ್ಥವನ್ನೂ ಹೇಳಿದರು. ಬೆಳ್ಳಮ್ಮ ಬರೆದದ್ದು ಸರಿ, ತಪ್ಪು ತನ್ನದು, ತಿಳಿದ ಮೇಲೂ ಇಷ್ಟು ದಿನ ಮುಚ್ಚಿಟ್ಟದ್ದು ಇನ್ನೂ ದೊಡ್ಡ ತಪ್ಪು ಎಂದರು. ಹೇಳುವಾಗ ಕೈಯಲ್ಲಿದ್ದ ಚಾಕ್ ಪೀಸು ಮುರಿಯಿತು.

ಅರ್ಥ ಕೇಳಿ ಬೆಳ್ಳಮ್ಮನಿಗೆ ನಗು ತಡೆಯಲಾಗಲಿಲ್ಲ.

"ಕೆಸುವಾ? ಮೊನ್ನೆ ತಾನೇ ಅದರ ಸಾರು ಮಾಡಿದ್ದೆ ಮಿಸ್. ನೀವು ಉಣ್ಲಿಲ್ಲ."

ಅಂದು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ರಟ್ಟು ಹರಿದ ಒಂದು ನೋಟ್ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಒಳಗೆ ಪುಟ ಪುಟ ಪದಗಳು, ಅಕ್ಷರದ ಲೆಕ್ಕದ ಪ್ರಕಾರ ಸಾಲಾಗಿ. ಒಂದಕ್ಕೂ ಅರ್ಥ ಬರೆದಿರಲಿಲ್ಲ.

"ದೊಡ್ಡಮ್ಮನಿಗೆ ಆಟ ಮುಗಿಸುವ ಅವಸರ, ಅರ್ಥ ಕೇಳ್ಲಿಕ್ಕೆ ಬಿಡ್ತಿರಲಿಲ್ಲ. ನೀವು ಹೇಳಿಕೊಡ್ತೀರಾ?"

ವಿಮಲಮ್ಮ ಮೊದಲ ಪುಟದ ಮೇಲೆ ಕಣ್ಣಾಡಿಸಿದರು. ಮೂರರಲ್ಲೊಂದು ಪದ ಅವರಿಗೂ ಗೊತ್ತಿರಲಿಲ್ಲ. ಎದೆಯಲ್ಲಿ ಅದೇ ಹಳೆಯ ಉರಿ ಮತ್ತೆ ಎದ್ದಿತು. ಅದು ಇನ್ನು ಪೂರ್ತಿ ಆರುವಂಥದ್ದಲ್ಲವೆಂದು ಅವರಿಗೆ ಆಗಲೇ ಗೊತ್ತಾಯಿತು. ಆದರೂ ಪಕ್ಕದ ಕುರ್ಚಿ ಎಳೆದು, ಕೂತ್ಕೋ ಎಂದರು.