ಇರಬಹುದು ಸಾಹೇಬರ ಕೋಟು

ನಾನು ಅವರನ್ನು ಮೊದಲು ಕಂಡ ದಿನ ಅವರು ನನ್ನನ್ನು ನಂಬಲಿಲ್ಲ. ಅಂದಿನಿಂದ ಇಂದಿನವರೆಗೆ ಪೂರ್ತಿಯಾಗಿ ನಂಬಿದ್ದಾರೆಂದು ಹೇಳುವ ಧೈರ್ಯವೂ ನನಗಿಲ್ಲ. ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಗೆ ಬೆಂಕಿ ಬಿದ್ದಾಗ ವಿಮೆಯ ಕಂಪನಿಯಿಂದ ತನಿಖೆಗೆ ಬಂದವರು ಅವರು. ಮುಖ್ಯೋಪಾಧ್ಯಾಯರನ್ನು ಪ್ರಯೋಗಾಲಯದಲ್ಲಿ, ಕಾವಲುಗಾರನನ್ನು ಗ್ರಂಥಾಲಯದಲ್ಲಿ, ನನ್ನನ್ನು ಖಾಲಿ ತರಗತಿಯ ಮಕ್ಕಳ ಬೆಂಚಿನ ಮೇಲೆ ಕೂರಿಸಿದರು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಬಾಗಿಲುಗಳನ್ನು ತಾವೇ ಮುಚ್ಚಿ, ಮುಚ್ಚಿದ್ದು ನಿಜವೇ ಎಂದು ಇನ್ನೊಮ್ಮೆ ಎಳೆದು ನೋಡಿ, ವಿಚಾರಣೆ ಶುರುಮಾಡಿದರು. ಕೂರುವ ಮುನ್ನ ಕುರ್ಚಿಯ ಕಾಲನ್ನು ಅಲ್ಲಾಡಿಸಿದರು. ಕೊಟ್ಟ ಚಹಾವನ್ನು ಕುಡಿಯುವ ಮುನ್ನ ಮೂಸಿದರು. ನಾನು ಏನು ಹೇಳಿದರೂ ತಲೆಯನ್ನು ಒಂದು ಕಡೆಗೆ ವಾಲಿಸಿ, “ಇರಬಹುದು” ಎಂದರು.

“ಅಂದ್ರೆ, ನಾನು ಸುಳ್ಳು ಹೇಳ್ತಿದೀನಿ ಅಂತೀರಾ?”

“ಛೆ ಛೆ, ಹಾಗೆಲ್ಲಿ ಅಂದೆ ಮೇಷ್ಟ್ರೇ? ಇರಬಹುದು ಅಂದೆ.”

ಮುಂದೆ ಅವರು ನಮ್ಮ ಎದುರು ಮನೆಗೇ ಬಾಡಿಗೆಗೆ ಬಂದರು. ಬೀದಿಯ ಮಕ್ಕಳು ಅವರಿಗೆ ‘ಇರಬಹುದು ಮಾವ’ ಎಂದೂ, ದೊಡ್ಡವರು ಕೊಂಚ ಮರ್ಯಾದೆ ಸೇರಿಸಿ ‘ಇರಬಹುದು ಸಾಹೇಬರು’ ಎಂದೂ ಹೆಸರಿಟ್ಟರು. ನಾಲ್ಕು ಹೆಜ್ಜೆ ನಡೆದರೆ ಅರ್ಧ ತಿರುಗಿ ಹಿಂದೆ ನೋಡುವ ನಡಿಗೆ ಅವರದು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಒಮ್ಮೆ ಆಕೆ, “ನಮ್ಮಿಬ್ಬರಿಗೂ ಮದುವೆ ಆಗಿದೆಯಾ ಅಂತ ಕೇಳಿ ನೋಡಿ ಮೇಷ್ಟ್ರೇ, ಅದಕ್ಕೂ ಇರಬಹುದು ಅಂತಾರೆ” ಎಂದರು. ಸಾಹೇಬರು ನಗಲಿಲ್ಲ. ಆ ಮಾತಿನ ಹಿಂದೆ ಏನಾದರೂ ಇದೆಯೇ ಎಂದು ಯೋಚಿಸುತ್ತಿದ್ದರು.

ಅವರ ಕೋಟಿನ ಬಗ್ಗೆ ಹೇಳಲೇಬೇಕು. ಮಾಸಲು ಕಂದು ಬಣ್ಣದ, ಮೈಗಿಂತ ಒಂದು ಅಳತೆ ದೊಡ್ಡದಾದ ಆ ಕೋಟಿಗೆ ಒಳಗೂ ಹೊರಗೂ ಜೇಬುಗಳೇ ಜೇಬುಗಳು. ದರ್ಜಿಯ ಎದುರು ನಿಂತು ಹೇಳಿ ಹೊಲಿಸಿದಂಥವು. ಸುಟ್ಟ ತಂತಿಯ ತುಂಡು ಒಂದರಲ್ಲಿ, ಬೂದಿಯ ಪೊಟ್ಟಣ ಮತ್ತೊಂದರಲ್ಲಿ. “ಎರಡು ಸಾಕ್ಷಿ ಒಂದೇ ಜೇಬಲ್ಲಿ ಇಟ್ರೆ ಒಂದರ ವಾಸನೆ ಇನ್ನೊಂದಕ್ಕೆ ಹತ್ತತ್ತೆ ಮೇಷ್ಟ್ರೇ” ಎನ್ನುತ್ತಿದ್ದರು. ಸಾಕ್ಷಿಗಳನ್ನು ಪರಸ್ಪರ ದೂರವಿಡುವ ಈ ಪದ್ಧತಿಯಿಂದಲೇ ಅವರು ಎಷ್ಟೋ ಬೆಂಕಿಗಳ ಹುಟ್ಟನ್ನು ಪತ್ತೆಹಚ್ಚಿದ್ದರು. ಅದೇ ಪದ್ಧತಿ ಅವರ ಕಣ್ಣಿಗೆ ಕುತ್ತು ತಂದಿತು.

ಮೊದಲು ಬಂದದ್ದು ಒಣಕೆಮ್ಮು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಯಾರಾದರೂ ನೋಡಿದರೆ ಕಂಬಿಯನ್ನು ಪರೀಕ್ಷಿಸುವವರಂತೆ ನಟಿಸುತ್ತಿದ್ದರು. ನಿದ್ದೆ ಮಾಡಿ ಎದ್ದರೂ ತೀರದ ಆಯಾಸ. ಆಮೇಲೆ ಮೊಣಕಾಲಿನ ಕೆಳಗೆ, ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಎದ್ದವು. ಕೊನೆಗೆ ಬಲಗಣ್ಣು ಕೆಂಪಾಗಿ, ಬೆಳಕನ್ನು ತಾಳಲಾರದೆ, ಮಂಜಿನೊಳಗಿಂದ ನೋಡಿದಂತೆ ಕಾಣತೊಡಗಿತು. ಗೋಡೆಯ ಮಸಿಯ ಏರಿಳಿತ ನೋಡಿ ಬೆಂಕಿ ಎಲ್ಲಿ ಹುಟ್ಟಿತೆಂದು ಹೇಳುವ ಕಣ್ಣು ಅದು. ಸಂಜೆಯ ವಾಕಿಂಗಿನಲ್ಲಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವರು ಇಷ್ಟನ್ನೂ ನನಗೆ ಪಿಸುಗುಟ್ಟಿದರು.

“ಕಣ್ಣು ಹೋದ್ರೆ ನಾನು ಯಾರ ಮಾತು ನಂಬ್ಕೊಂಡು ಬದುಕ್ಲಿ ಮೇಷ್ಟ್ರೇ?”

ವೈದ್ಯರಿಗೆ ತೋರಿಸಿರಲಿಲ್ಲವೇ ಎಂದರೆ, ತೋರಿಸಿದ್ದರು. ತಮ್ಮ ಪದ್ಧತಿಯಲ್ಲೇ ತೋರಿಸಿದ್ದರು. ಕಣ್ಣಿನ ವೈದ್ಯರಿಗೆ ಕಣ್ಣು ಮಾತ್ರ, ಚರ್ಮದ ವೈದ್ಯರಿಗೆ ಕಾಲು ಮಾತ್ರ, ಬೀದಿಯ ತುದಿಯ ವೈದ್ಯರಿಗೆ ಕೆಮ್ಮು ಮಾತ್ರ. ಬೇರೆ ತೊಂದರೆ ಏನಾದರೂ ಇದೆಯೇ ಎಂದು ಪ್ರತಿಯೊಬ್ಬರೂ ಕೇಳಿದ್ದರು. ಪ್ರತಿಯೊಬ್ಬರಿಗೂ ಇವರು ಇಲ್ಲವೆಂದಿದ್ದರು.

“ಹೇಳೋದಲ್ವಾ ಸಾಹೇಬ್ರೇ?” ಎಂದೆ.

“ಒಬ್ಬ ಸಾಕ್ಷಿ ಮಾತನ್ನ ಇನ್ನೊಬ್ಬನಿಗೆ ಹೇಳ್ಕೊಟ್ರೆ ಅದು ಸಾಕ್ಷಿ ಆಗತ್ತಾ? ಅವರವರೇ ಕಂಡುಹಿಡೀಲಿ.”

ಹನಿ ಹಾಕಿದಾಗ ಕಣ್ಣು ತಿಳಿಯಾಗುತ್ತಿತ್ತು, ಬಿಟ್ಟೊಡನೆ ಮತ್ತೆ ಕೆಂಪಾಗುತ್ತಿತ್ತು. ಎದೆಯ ಎಕ್ಸ್‌ರೇಯಲ್ಲಿ ನೆರಳು ಕಂಡು, ಬೀದಿಯ ತುದಿಯ ವೈದ್ಯರು ಕ್ಷಯವಿರಬಹುದೆಂದು ಕಫದ ಪರೀಕ್ಷೆ ಮಾಡಿಸಿದರು. ಅದರಲ್ಲಿ ರೋಗಾಣು ಸಿಗಲಿಲ್ಲ. ಆಗ ದೊಡ್ಡ ಆಸ್ಪತ್ರೆಯ ಎದೆರೋಗದ ವೈದ್ಯೆಯ ಬಳಿಗೆ ಕಳಿಸಿದರು. ಅಷ್ಟರಲ್ಲಿ ಸಾಹೇಬರಿಗೆ ಎಲ್ಲರ ಮೇಲೂ ಸಂಶಯ. ತಮಗೆ ಕ್ಯಾನ್ಸರ್ ಎಂದು ಹೆಂಡತಿಗೂ ನನಗೂ ಗೊತ್ತಿದೆ, ಇಬ್ಬರೂ ಮುಚ್ಚಿಡುತ್ತಿದ್ದೇವೆ ಎಂದು ಬಗೆದಿದ್ದರು. ನಾನು ಮತ್ತು ಅಕ್ಕ ಗೇಟಿನ ಬಳಿ ತರಕಾರಿಯ ಬೆಲೆ ಮಾತಾಡಿದರೂ ಕಿಟಕಿಯ ಪರದೆ ಅಲುಗುತ್ತಿತ್ತು.

ಅಕ್ಕನ ಒತ್ತಾಯಕ್ಕೆ ನಾನೂ ಆಸ್ಪತ್ರೆಗೆ ಜೊತೆಯಾದೆ. ವೈದ್ಯೆ ನಗುವ ಜಾತಿಯವರಲ್ಲ. ಎಕ್ಸ್‌ರೇಯನ್ನು ದೀಪದ ಹಲಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಎರಡು ಶ್ವಾಸಕೋಶಗಳಿಗೂ ಶ್ವಾಸನಾಳ ಸೇರುವಲ್ಲಿ ಗ್ರಂಥಿಗಳು ಜೋಡಿಯಾಗಿ ಊದಿಕೊಂಡಿದ್ದವು.

“ಕಣ್ಣಲ್ಲಿ ಏನಾದ್ರೂ ತೊಂದರೆ?”

“ಇಲ್ಲ.”

“ಚರ್ಮದ ಮೇಲೆ ಗಂಟು, ಗಾಯ?”

“ಇಲ್ಲ.”

“ಇರಬಹುದು” ಎಂದರು ವೈದ್ಯೆ. ಸಾಹೇಬರು ಬೆಚ್ಚಿ ತಲೆಯೆತ್ತಿದರು. “ಕೋಟು ತೆಗೀರಿ, ಬೆನ್ನು ನೋಡ್ಬೇಕು.”

ಅಕ್ಕ ಆ ಕೋಟನ್ನು ಇಸಿದುಕೊಂಡು ಮಡಿಲಲ್ಲಿ ಮಡಿಸುವಾಗ ಅದರೊಳಗೆ ಗಾಜು ಗಾಜಿಗೆ ತಾಗಿ ಕಿಣಿಯೆಂದಿತು.

“ಅದೇನಮ್ಮಾ ಸದ್ದು?”

“ರೀ, ಏನಿದೆ ಇದರಲ್ಲಿ?” ಎನ್ನುತ್ತಲೇ ಅಕ್ಕ ಜೇಬಿನಿಂದ ಜೇಬಿಗೆ ಕೈಹಾಕಿದರು. ಕಣ್ಣಿನ ಹನಿ, ಕಾಲಿನ ಮುಲಾಮು, ಕೆಮ್ಮಿನ ಔಷಧ ಒಂದೊಂದಾಗಿ ಹೊರಬಂದು, ಅದುವರೆಗೆ ಪರಸ್ಪರ ಮುಖ ಕಾಣದಿದ್ದ ಸಾಕ್ಷಿಗಳೆಲ್ಲ ವೈದ್ಯೆಯ ಮೇಜಿನ ಮೇಲೆ ಸಾಲಾಗಿ ನಿಂತವು.

“ಅವೆಲ್ಲ ಬೇರೆ ಬೇರೆ ವಿಷಯ” ಎಂದರು ಸಾಹೇಬರು, ದನಿ ತಗ್ಗಿಸಿ.

“ಬೇರೆಯೋ ಒಂದೇಯೋ ನಾನು ನೋಡ್ತೀನಿ. ಪ್ಯಾಂಟು ಮೊಣಕಾಲಿನವರೆಗೆ ಎತ್ತಿ.” ಗಂಟುಗಳನ್ನು ಒತ್ತಿ ನೋಡಿ, ಕಣ್ಣಿಗೆ ದೀಪ ಹಿಡಿದು, ಆಕೆ ಹೇಳಿದರು: “ನನಗೊಂದು ಅನುಮಾನ ಇದೆ.”

“ಅನುಮಾನವಾ? ಖಚಿತವಾಗಿ ಗೊತ್ತಿಲ್ವಾ?”

“ಖಚಿತ ಅಂದಿದ್ರೆ ನೀವು ನಂಬ್ತಿದ್ರಾ?”

ಸಾಹೇಬರು ಮೊದಲ ಬಾರಿಗೆ ಒಬ್ಬರನ್ನು ಗೌರವದಿಂದ ನೋಡಿದ್ದನ್ನು ನಾನು ಕಂಡೆ.

ಸಾರ್ಕಾಯ್ಡೋಸಿಸ್ ಎಂಬ ಆ ರೋಗದ ಹೆಸರನ್ನು ಆಕೆ ಅಂದು ಬಾಯಿಬಿಟ್ಟು ಹೇಳಲಿಲ್ಲ. ಇದನ್ನು ತೋರಿಸಿಕೊಡುವ ಒಂದೇ ಒಂದು ಪರೀಕ್ಷೆ ಎಂಬುದಿಲ್ಲ. ಕ್ಷಯವನ್ನೂ ಕ್ಯಾನ್ಸರನ್ನೂ ಹೋಲುವುದರಿಂದ ಮೊದಲು ಅವುಗಳನ್ನು ತಳ್ಳಿಹಾಕಬೇಕು ಎಂದರು. ಶ್ವಾಸನಾಳದೊಳಗೆ ಸಣ್ಣ ಕೊಳವೆ ಇಳಿಸಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಪುಟ್ಟ ಪುಟ್ಟ ಗಂಟುಗಳು ಕಂಡವು. ಕ್ಷಯದ ರೋಗಾಣುವೂ ಇರಲಿಲ್ಲ, ಕ್ಯಾನ್ಸರೂ ಇರಲಿಲ್ಲ. ಆಮೇಲೆಯೇ ಹೆಸರು ಹೇಳಿದ್ದು. ಮೈಯನ್ನು ಕಾಯುವ ಕಣಗಳು, ಕಾರಣವೇನೆಂದು ಇನ್ನೂ ಯಾರಿಗೂ ಸ್ಪಷ್ಟವಾಗಿ ತಿಳಿಯದು, ಅಲ್ಲಲ್ಲಿ ಗುಂಪುಕಟ್ಟಿ ಗಂಟಾಗುತ್ತವೆ. ಶ್ವಾಸಕೋಶ, ಕಣ್ಣು, ಚರ್ಮ, ಎಲ್ಲಿ ಬೇಕಾದರೂ. ಒಬ್ಬರಿಂದೊಬ್ಬರಿಗೆ ಅಂಟುವಂಥದ್ದಲ್ಲ. ಎಷ್ಟೋ ಜನರಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಕಣ್ಣಿಗೆ ಬಂದರೆ ಕಾಯುತ್ತ ಕೂರುವಂತಿಲ್ಲ.

“ಇವರ ಮೈಯೂ ಇವರ ಹಾಗೇ ಅನ್ನಿ” ಎಂದರು ಅಕ್ಕ. “ಕಳ್ಳ ಕಾಣದಿದ್ರೂ ಗುಂಪು ಕಟ್ಕೊಂಡು ಕಾಯ್ತಾ ಕೂತಿದೆ.” ನಗುವ ಜಾತಿಯಲ್ಲದ ವೈದ್ಯೆಯೂ ನಕ್ಕುಬಿಟ್ಟರು.

ಸ್ಟಿರಾಯ್ಡ್ ಮಾತ್ರೆಗಳಿಂದ ಕೆಮ್ಮು ಇಳಿಯಿತು, ಗಂಟುಗಳು ಕರಗಿದವು. ಬಲಗಣ್ಣು ಉಳಿಯಿತು, ಆದರೆ ಒಂದು ಅಂಚಿನಲ್ಲಿ ಮಂಜು ನಿಂತುಬಿಟ್ಟಿತು. ಕೆಮ್ಮಿನ ಮಾತನ್ನು ಮೊದಲೇ ಹೇಳಿದ್ದರೆ ಇಷ್ಟೂ ಆಗುತ್ತಿರಲಿಲ್ಲವೇನೋ ಎಂದು ಕಣ್ಣಿನ ವೈದ್ಯರು ಬೇಸರಪಟ್ಟರಂತೆ. ಅದನ್ನು ನನಗೆ ಹೇಳುವಾಗ ಸಾಹೇಬರು ‘ಇರಬಹುದು’ ಸೇರಿಸಲಿಲ್ಲ. ಕೋಟಿನ ಖಾಲಿ ಜೇಬೊಂದನ್ನು ಹೊರಗೆಳೆದು, ಮತ್ತೆ ಒಳಗೆ ತಳ್ಳಿದರು.

ಲೋಕವನ್ನು ಸಂಶಯದಿಂದ ನೋಡುವವರು ಕೆಟ್ಟವರಲ್ಲ. ಅವರಿಲ್ಲದಿದ್ದರೆ ಎಷ್ಟೋ ಬೆಂಕಿಗಳಿಗೆ ಕಾರಣವೇ ಸಿಗುತ್ತಿರಲಿಲ್ಲ. ಅವರ ಕಷ್ಟವೆಂದರೆ, ಕೇಳಿ ಕೇಳಿ ರೂಢಿಯಾದವರಿಗೆ ಹೇಳುವ ರೂಢಿ ತಪ್ಪಿಹೋಗಿರುತ್ತದೆ. ತಮ್ಮ ಮೈಯ ಮಟ್ಟಿಗೆ ಮುಖ್ಯ ಸಾಕ್ಷಿ ತಾವೇ ಎಂಬುದು ತಡವಾಗಿ ಹೊಳೆಯುತ್ತದೆ.

ಈಗ ಅವರು ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿಯೇ ನುಂಗುತ್ತಾರೆ. ಆದರೆ ಯಾವ ವೈದ್ಯರ ಬಳಿ ಹೋದರೂ ಮೊದಲು ಜೇಬುಗಳನ್ನು ತಾವೇ ಮೇಜಿನ ಮೇಲೆ ಬರಿದು ಮಾಡುತ್ತಾರಂತೆ. ಬೆಳಿಗ್ಗೆ ಗೇಟಿನ ಬಳಿ ನಿಂತು, ಎಡಗಣ್ಣು ಮುಚ್ಚಿ, ತಿರುವಿನಲ್ಲಿ ಬರುವ ಬಸ್ಸಿನ ನಂಬರನ್ನು ಓದುತ್ತಾರೆ. ಓದಿದ್ದು ಸರಿಯೇ ಎಂದು ನನ್ನನ್ನೂ ಅಕ್ಕನನ್ನೂ ಕೂಗುತ್ತಾರೆ. ಮೊದಲಾಗಿದ್ದರೆ ನನ್ನನ್ನು ಬೀದಿಯಲ್ಲಿ, ಆಕೆಯನ್ನು ಅಡುಗೆಮನೆಯಲ್ಲಿ ಕೇಳುತ್ತಿದ್ದರು. ಈಗ ಇಬ್ಬರನ್ನೂ ಪಕ್ಕಪಕ್ಕದಲ್ಲೇ ನಿಲ್ಲಿಸಿ, “ಒಟ್ಟಿಗೇ ಹೇಳಿ” ಎನ್ನುತ್ತಾರೆ. ನಾವು ಒಟ್ಟಿಗೇ ಹೇಳುತ್ತೇವೆ. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ, ಬಸ್ಸು ಹತ್ತಿರ ಬರುವವರೆಗೂ ಕಾಯುತ್ತಾರೆ.