ಭಾಗಮ್ಮ ಸಾಲಿ ನೋಡಿದ್ದು

ಸೊನ್ನದಿಂದ ಜೇವರ್ಗಿಯವರೆಗೆ ಯಾರು ಎಲ್ಲಿಗೆ ಹೆಣ್ಣು ಕೊಡಬೇಕಾದರೂ ಗಂಡಿನ ಮನೆ ನೋಡಲು ಭಾಗಮ್ಮನನ್ನು ಕರೆದೊಯ್ಯುತ್ತಿದ್ದರು. ಅವಳು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವವರ ಪೈಕಿ ಅಲ್ಲ. ಗಂಡಿನ ಅಪ್ಪ ಹೊಲದ ಎಕರೆ ಹೇಳುತ್ತಿರುವಾಗ ಇವಳು ಕಾಲು ತೊಳೆಯುವ ನೆವ ಮಾಡಿ ಸೀದಾ ಹಿತ್ತಲಿಗೆ ನಡೆಯುತ್ತಿದ್ದಳು. "ಪಡಸಾಲಿ ಬೀಗರು ಬರ್ತಾರಂತ ಸಾರಸ್ತಾರ. ಹಿತ್ತಲಾ ಸುಳ್ಳ ಹೇಳಂಗಿಲ್ಲ" ಎನ್ನುವುದು ಅವಳ ಮಾತು. ಅವಳು ಬೇಡ ಎಂದ ಮನೆಗೆ ಹೆಣ್ಣು ಕೊಟ್ಟು ಆಮೇಲೆ ಹಣೆ ಚಚ್ಚಿಕೊಂಡವರು ಅತನೂರೊಂದರಲ್ಲೇ ಇಬ್ಬರಿದ್ದಾರೆ.

ಅಂಥ ಗಟ್ಟಿಗಿತ್ತಿಗೂ ಈ ವರ್ಷ ಎದೆ ಡವಡವ ಎನ್ನುವ ಕೆಲಸ ಬಂತು. ಮೊಮ್ಮಗಳು ಪಲ್ಲವಿ ಏಳನೆಯ ತರಗತಿ ಮುಗಿಸಿದ್ದಳು. ಊರಿನ ಸಾಲೆ ಅಲ್ಲಿಗೇ ಮುಗಿಯುತ್ತದೆ. ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ ಮಗ, ಪಲ್ಲವಿಯ ಅಪ್ಪ ಸೂರ್ಯಕಾಂತ, ಫೋನಿನಲ್ಲಿ ಹೇಳಿಬಿಟ್ಟ: "ಯವ್ವಾ, ಹೋದ ವರ್ಷ ಊರಾಗ ನಮ್ಮ ಓಣ್ಯಾಗ ಮೂರು ಹುಡುಗ್ಯಾರು ಎಂಟನೇತ್ತಾ ಅರ್ಧಕ್ಕ ಬಿಟ್ಟಾರ. ಇಕಿನೂ ಹಂಗ ಬಿಡೋದಿದ್ರ ಈಗ್ಲೇ ಪುಣಾಕ ಕಳಸು. ನಾವು ಕೆಲಸಕ್ಕ ಹೋದಾಗ ತಮ್ಮನ್ನ ನೋಡಕೋತ ಇರ್ತಾಳ."

"ಯಾಕ ಬಿಡ್ತಾಳಲೇ? ಸಾಲಿ ನಾ ನೋಡಿ ಆರಸ್ತೇನಿ" ಎಂದಳು ಭಾಗಮ್ಮ. ದನಿಯೇನೋ ಜೋರಾಗಿತ್ತು, ಆದರೆ ಪಲ್ಲವಿ ಇಲ್ಲದ ಮನೆಯನ್ನು ನೆನೆದರೆ ಅವಳಿಗೆ ಸಂಕಟ. ಪುಸ್ತಕ ಬಿಟ್ಟ ಪಲ್ಲವಿಯನ್ನು ನೆನೆದರೆ ಇನ್ನೂ ಸಂಕಟ.

ಬಸ್ಸು ಹೋಗುವ ದಾರಿಯಲ್ಲಿ ಸರ್ಕಾರಿ ಹೈಸ್ಕೂಲುಗಳು ಎರಡು. ಮನೆ ನೋಡಲು ಉಡುವ ಇಳಕಲ್ಲ ಸೀರೆಯನ್ನೇ ಉಟ್ಟು, ಮೊಮ್ಮಗಳ ಕೈ ಹಿಡಿದು ಭಾಗಮ್ಮ ಹೊರಟಳು. ಬರುತ್ತೇವೆಂದು ಯಾರಿಗೂ ತಿಳಿಸಲಿಲ್ಲ. ತಿಳಿಸಿ ಹೋದರೆ ಅದು ನೋಡುವುದೇ ಅಲ್ಲ.

ಮೊದಲಿನದು ಹೊಸ ಬಣ್ಣ ಬಳಿದ ಸಾಲೆ. ಹೆಡ್ ಮಾಸ್ತರ ವಿಶ್ವಾರಾಧ್ಯರು ಒಳ್ಳೆಯ ಮನುಷ್ಯರು. ಕುರ್ಚಿ ಹಾಕಿಸಿದರು, ಗೋಡೆಗಿದ್ದ ದೊಡ್ಡ ಟಿವಿ ತೋರಿಸಿದರು, ಗಣಿತದ ಮಾಸ್ತರನ್ನು ಮನಸಾರೆ ಹೊಗಳಿದರು. ಪಲ್ಲವಿ ಬಾಗಿಲಲ್ಲೇ ನಿಂತು ಬೋರ್ಡಿನ ಲೆಕ್ಕವನ್ನು ಮನಸ್ಸಿನಲ್ಲೇ ಬಿಡಿಸುತ್ತಿದ್ದಳು. ಲೆಕ್ಕ ಎಂದರೆ ಅವಳಿಗೆ ಪ್ರಾಣ. ಭಾಗಮ್ಮ ಮಾತ್ರ ಹಿಂದಕ್ಕೆ ನಡೆದಳು. ಅಲ್ಲಿ ಹುಡುಗಿಯರ ಪಾಯಖಾನೆಗೆ ಕೀಲಿ ಜಡಿದಿತ್ತು.

"ಯಾರರ ಸಾಹೇಬ್ರು ಬಂದಾಗ ತೆಗೀತೇವ್ರಿ. ಇಲ್ಲಂದ್ರ ಹೊಲಸಾಗ್ತದ" ಎಂದರು ಮಾಸ್ತರು. ಅದರಲ್ಲಿ ತಪ್ಪೇನೂ ಅವರಿಗೆ ಕಂಡಿರಲಿಲ್ಲ.

ಕಟ್ಟೆಯ ಮೇಲಿದ್ದ ಒಬ್ಬ ಹುಡುಗಿಯ ಹತ್ತಿರ ಕೂತು ಭಾಗಮ್ಮ ಮೆಲ್ಲಗೆ ಕೇಳಿದಳು, "ಮತ್ತ ನೀವೇನ ಮಾಡ್ತೀರಿ ಮಗಳ?"

ಹುಡುಗಿ ತಲೆ ತಗ್ಗಿಸಿದಳು. "ಮುಂಜಾನಿಂದ ನೀರೇ ಕುಡ್ಯಂಗಿಲ್ಲ ಆಯಿ."

ಭಾಗಮ್ಮನಿಗೆ ತನ್ನೂರಿನ ಹುಡುಗಿಯರು ನೆನಪಾದರು. ಓಣಿಯ ಆ ಮೂವರು ಯಾಕೆ ಬಿಟ್ಟರೆಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಓದು ತಲೆಗೆ ಹತ್ತಲಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು, ತಾನೂ ಅಂದಿದ್ದಳು.

ಎರಡನೆಯ ಸಾಲೆಯ ಗೋಡೆ ನೋಡಿದರೆ ಅಳು ಬರಬೇಕು. ಭಾಗಮ್ಮ ರೂಢಿಯಂತೆ ಹಿತ್ತಲಿನ ಕಡೆಯಿಂದಲೇ ಒಳಗೆ ಹೊಕ್ಕಳು. ಅಲ್ಲಿ ಬಿಸಿಊಟದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಟೀಚರ್ ಪಂಚಶೀಲಾ, ಅಡುಗೆಯ ಮಲ್ಕಮ್ಮನ ಬದಲಿಗೆ ಬಂದವಳು ಇವಳೇ ಎಂದುಕೊಂಡು, "ಬಂದ್ರಿ ಬೇಯ್ ಯವ್ವಾ! ಮಲ್ಕಮ್ಮಗ ಜ್ವರ. ಲಗೂ ಸೌಟ ಹಿಡೀರಿ, ಹುಡುಗೂರು ಹಸದಾವ" ಎಂದಳು.

ಹಸಿದ ಮಕ್ಕಳ ಮುಂದೆ ಬೀಗತಿಯ ಬಿಂಕ ಎಲ್ಲಿ ನಡೆಯುತ್ತದೆ? ಭಾಗಮ್ಮ ಸೆರಗು ಸಿಕ್ಕಿಸಿ ಎಲ್ಲರಿಗೂ ಬಡಿಸಿದಳು. ಬಡಿಸುತ್ತಲೇ ನೋಡಿದಳು: ಪಾಯಖಾನೆಗೆ ಒಳಗಿನಿಂದ ಚಿಲಕ, ಬಾಗಿಲಲ್ಲಿ ತುಂಬಿದ ನೀರಿನ ಡ್ರಮ್ಮು. ಹೊಟ್ಟೆ ಹಿಡಿದುಕೊಂಡು ಬಂದ ಒಬ್ಬಳು ಟೀಚರಿನ ಕಿವಿಯಲ್ಲಿ ಏನೋ ಹೇಳಿದಳು. ಪಂಚಶೀಲಾ ಕಪಾಟಿನಿಂದ ಪ್ಯಾಡ್ ತೆಗೆದುಕೊಟ್ಟು, ತನ್ನ ಕೋಣೆಯಲ್ಲೇ ಚಾಪೆ ಹಾಸಿ ಮಲಗಿಸಿದಳು.

ಊಟ ಮುಗಿದ ಮೇಲೆ, ಭಾಗಮ್ಮ ಸಾಲೆ ನೋಡಲು ಬಂದವಳೆಂಬ ಗುಟ್ಟು ಬಯಲಾಯಿತು. ಪಂಚಶೀಲಾ ನಾಚಿ ಕೈ ಮುಗಿದಳು. ಆಮೇಲೆ ಮುಚ್ಚಿಡದೆ ಹೇಳಿದಳು: "ಗಣಿತಕ್ಕ ನಮ್ಮಲ್ಲಿ ಮಾಸ್ತರಿಲ್ರಿ, ಎರಡು ವರ್ಷಾತು. ನಾ ಕನ್ನಡದಾಕಿ. ರಾತ್ರಿ ಓದಕೊಂಡು ಬಂದು ಹೇಳ್ತೇನಿ. ತಪ್ಪಿದ್ರ ಹುಡುಗೂರೇ ತಿದ್ದತಾವ."

ಪಲ್ಲವಿಯ ಪ್ರಾಣ ಅಲ್ಲಿ, ಮಾನ ಇಲ್ಲಿ. ಇಷ್ಟು ಮನೆ ನೋಡಿದ ಭಾಗಮ್ಮ ಒಮ್ಮೆಯೂ ಹೆಣ್ಣನ್ನು ಕೇಳಿರಲಿಲ್ಲ. ಕೇಳುವ ವಾಡಿಕೆಯೇ ಇರಲಿಲ್ಲ. ಇಂದು ಮೊಮ್ಮಗಳ ಕಡೆ ತಿರುಗಿ, "ನೀ ಹೇಳ ಮಗಳ. ನಿನಗ್ಯಾವದು?" ಎಂದಳು.

ಪಲ್ಲವಿ ಚಿಲಕವಿದ್ದ ಆ ಬಾಗಿಲಿನ ಕಡೆಗೊಮ್ಮೆ ನೋಡಿದಳು. "ಲೆಕ್ಕ ತಪ್ಪಿದ್ರ ನಾ ತಿದ್ದತೇನಿ ಆಯಿ. ಇಲ್ಲೇ ಬರ್ತೇನಿ. ಹತ್ತನೇತ್ತಾ ಮುಗಿಯೋತನಕ ಬಿಡಂಗಿಲ್ಲ."

ಪಂಚಶೀಲಾ ಅರ್ಜಿ ತಂದಳು. ಪಲ್ಲವಿ ಅಂದವಾಗಿ ತುಂಬಿದಳು. ಪಾಲಕರ ಸಹಿಯ ಜಾಗದಲ್ಲಿ ಭಾಗಮ್ಮ ಹೆಬ್ಬೆಟ್ಟು ಒತ್ತಿದಳು.

ಬಸ್ಸಿಗೆ ಕಾಯುವಾಗ ಪಲ್ಲವಿ ಆಯಿಯ ಬೆರಳಿನ ನೀಲಿ ಮಸಿಯನ್ನು ತನ್ನ ದುಪಟ್ಟಾದಿಂದ ಒರೆಸುತ್ತ ಕೇಳಿದಳು, "ಆಯಿ, ನೀ ಯಾಕ ಸಾಲೀಗಿ ಹೋಗ್ಲಿಲ್ಲ?"

ಭಾಗಮ್ಮ ರಸ್ತೆಯ ಕಡೆಗೇ ನೋಡುತ್ತಿದ್ದಳು.

"ನನಗಂತ ಮನಿ ನೋಡಾಕ ನಮ್ಮಪ್ಪ ಏಳು ಊರ ತಿರಗಿದ್ದ, ಮಗಳ. ಸಾಲಿ ನೋಡಾಕ ಯಾರೂ ಹೋಗ್ಲಿಲ್ಲ."

ಪಲ್ಲವಿ ಒರೆಸುವುದನ್ನು ನಿಲ್ಲಿಸಿ, ಬಸ್ಸು ಬರುವವರೆಗೂ ಆ ಬೆರಳನ್ನು ಹಾಗೇ ಹಿಡಿದುಕೊಂಡು ನಿಂತಳು.