ಹದಿನೈದನೆಯ ಕಲ್ಲಿನ ಪದರ

ನನ್ನ ಬಾಯಿಗೆ ಹೆದರದವರು ಈ ಕಾಲೊನಿಯಲ್ಲಿ ಯಾರೂ ಇಲ್ಲ. ಹಾಲಿಗೆ ನೀರು ಬೆರೆಸುವವನನ್ನು ಬಾಗಿಲಲ್ಲೇ ನಿಲ್ಲಿಸಿ ಬೆವರಿಳಿಸಿದ್ದೇನೆ. ದೊಡ್ಡ ಇಂಜಿನಿಯರನ್ನು ಅವರ ಕಚೇರಿಯ ಫ್ಯಾನಿನ ಕೆಳಗೇ ಬೆವರಿಸಿದ್ದೇನೆ. ಅಂಥ ನಾನು ಒಂದೇ ಒಂದು ಮಾತನ್ನು ಇಪ್ಪತ್ತೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೂತೆ. ಅದನ್ನು ಹೊರಗೆ ಹಾಕಬೇಕಾಗಿ ಬಂದದ್ದು ನಾನು ಸಾಕಿದ ಮಗುವಿನ ಮುಂದೆ.

ನಮ್ಮದು ಮಣ್ಣಿನ ಅಣೆಕಟ್ಟು. ಕಲ್ಲು, ಸಿಮೆಂಟಿನ ಗೋಡೆಯಲ್ಲ, ಒಂದು ಮೈಲಿ ಉದ್ದದ ಏರಿ. ಮಣ್ಣನ್ನು ಒಂದು ಗೇಣು ದಪ್ಪ ಹರಡಿ, ಹದವಾಗಿ ನೀರು ಚಿಮುಕಿಸಿ, ಮೈತುಂಬ ಗೂಟಗಳಿರುವ ರೋಲರನ್ನು ಅದರ ಮೇಲೆ ಎಂಟು ಸಲ ಓಡಿಸಬೇಕು. ಆಮೇಲೆ ಅದರ ಮೇಲಿನ ಪದರ. ಹೀಗೆ ನೂರಾರು ಪದರ. ಎಲ್ಲಿ ಸಡಿಲ ಬಿಟ್ಟರೂ ನೀರು ಅಲ್ಲಿ ದಾರಿ ಹುಡುಕುತ್ತದೆ. ದಾರಿ ಸಿಕ್ಕಿತೋ, ಮಣ್ಣನ್ನು ಚೂರುಚೂರಾಗಿ ಹೊತ್ತುಕೊಂಡು ಹೋಗಿ ಒಂದು ದಿನ ಇಡೀ ಏರಿಯನ್ನೇ ಒಯ್ಯುತ್ತದೆ. ಏರಿ ಕಟ್ಟುವಾಗ ರೋಲರ್ ಓಡಿಸುತ್ತಿದ್ದವನು ನನ್ನ ತಮ್ಮ. ಅವನು ಓಡಿಸಿದ ಮೇಲೆ ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗಟ್ಟಿಯಾಗಿದೆಯೋ ಇಲ್ಲವೋ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದವಳು ನಾನು. ತಮ್ಮ ಓಡಿಸಿದ್ದನ್ನು ಅಕ್ಕ ಪರೀಕ್ಷೆ ಮಾಡಬಾರದು ಎಂದು ಆಗ ಯಾರಿಗೂ ತೋಚಲಿಲ್ಲ. ತೋಚುವ ಹಾಗೂ ಇರಲಿಲ್ಲ ಬಿಡಿ, ನಾನು ಅವನಿಗೆ ಕೊಟ್ಟಷ್ಟು ಕಾಟವನ್ನು ಇನ್ನಾವ ಡ್ರೈವರನಿಗೂ ಕೊಟ್ಟವಳಲ್ಲ. ಒಂದು ಪದರವನ್ನು ಮೂರು ಸಲ ಕೆದರಿಸಿ ಮತ್ತೆ ಓಡಿಸಿದ್ದೂ ಉಂಟು. "ಹೆತ್ತಮ್ಮನೂ ಇಷ್ಟು ಬೈದಿರಲಿಲ್ಲ ಕಣೇ ಅಕ್ಕ," ಅನ್ನುತ್ತಿದ್ದ.

ಅವನ ಮಗಳು ಈಗ ಇದೇ ಏರಿಗೆ ಇಂಜಿನಿಯರು. ಊರಿಗೆಲ್ಲ ಮೇಡಂ, ಮನೆಯಲ್ಲಿ ಉಂಡೆ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಕಟ್ಟಿ ಮುರಿದು ನೋಡುವುದನ್ನು ಮೂರು ವರ್ಷಕ್ಕೇ ನನ್ನ ಪಕ್ಕ ಕೂತು ಕಲಿತಳು. ಎರಡು ಹೋಳಾದರೆ ಹದ, ಪುಡಿಯಾದರೆ ಒಣಕಲು, ಕೈಗೆ ಮೆತ್ತಿದರೆ ನೀರು ಜಾಸ್ತಿ. ಹೆತ್ತ ದಿನವೇ ಅವಳ ತಾಯಿ ತೀರಿಕೊಂಡಳು. ಎತ್ತಿ ಆಡಿಸಿದವಳು ನಾನು, ಬೈದವಳು ನಾನು, ಜಡೆ ಹಾಕಿದವಳೂ ನಾನೇ. ಕೋಪ ಬಂದರೆ ಅವಳ ಮೂಗು ಕೆಂಪಾಗುತ್ತದೆ, ಥೇಟ್ ನನ್ನ ಹಾಗೆ.

ಐದು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಬಿಕ್ಕುತ್ತ ಬಂದಳು. ಅಮ್ಮನನ್ನು ತಿಂದುಕೊಂಡು ಹುಟ್ಟಿದವಳು ಎಂದು ಯಾವುದೋ ಹಾಳು ಬಾಯಿ ಅವಳಿಗೆ ಹೇಳಿತ್ತು. ತಮ್ಮ ಅವಳ ಶಾಲೆಯ ಚೀಲ ಕೆಳಗಿಳಿಸಿದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಏರಿ ಹತ್ತಿದ. ಏರಿಯುದ್ದಕ್ಕೂ ಅಳತೆಗೆಂದು ನೆಟ್ಟ ಕಲ್ಲುಗಳಿವೆ. ಹದಿನೈದನೆಯ ಕಲ್ಲಿನ ಹತ್ತಿರ ಅವಳನ್ನು ಇಳಿಸಿದ.

"ನೀನು ಹುಟ್ಟಿದ ದಿನ ಅಪ್ಪ ಇಲ್ಲೇ ರೋಲರ್ ಓಡಿಸ್ತಿದ್ದೆ. ಮಗಳು ಹುಟ್ಟಿದಳು ಅಂತ ಸುದ್ದಿ ಬಂತು. ಬೇರೆ ಕಡೆಯೆಲ್ಲ ಎಂಟೇ ಸಲ. ಇಲ್ಲಿ ಮಾತ್ರ, ಖುಷಿಗೆ, ಇನ್ನೆರಡು!" ಎಂದು ಎರಡು ಬೆರಳು ಎತ್ತಿ ತೋರಿಸಿದ. "ಈ ಏರೀಲಿ ನಿನ್ನ ಪದರದಷ್ಟು ಗಟ್ಟಿ ಇನ್ನೊಂದಿಲ್ಲ."

ಮಗು ಕಣ್ಣೀರು ಒರೆಸಿಕೊಂಡು ನಕ್ಕಿತು. ಹಿಂದೆ ನಿಂತಿದ್ದ ನಾನು ನಾಲಿಗೆ ಕಚ್ಚಿಕೊಂಡೆ. ಆಮೇಲೆ ಪ್ರತಿ ವರ್ಷ ಹುಟ್ಟಿದ ದಿನ ಅವಳು ಆ ಕಲ್ಲಿನ ಮೇಲೆ ಹತ್ತಿ ನಿಲ್ಲುವುದು, ಅವನು ಎರಡು ಬೆರಳು ಎತ್ತುವುದು. ಆ ಕತೆಯ ಮೇಲೇ ಅವಳು ಇಂಜಿನಿಯರ್ ಆದಳು ಅಂದರೂ ತಪ್ಪಲ್ಲ.

ಕಳೆದ ವರ್ಷ ಕೋಡಿಯನ್ನು ಒಂದಾಳೆತ್ತರ ಎತ್ತರಿಸಿದರು. ಈ ವರ್ಷ ನೀರು ಹಿಂದೆಂದೂ ಮುಟ್ಟದ ಪದರಗಳನ್ನು ಮುಟ್ಟಿತು. ಎರಡು ವಾರಕ್ಕೆ ಏರಿಯ ಹಿಂಬದಿಯಲ್ಲಿ, ಹದಿಮೂರರಿಂದ ಹದಿನೆಂಟನೆಯ ಕಲ್ಲಿನವರೆಗೆ, ಹುಲ್ಲು ಮಿಕ್ಕ ಕಡೆಗಿಂತ ಹಸಿರಾಯಿತು. ಆಮೇಲೆ ಕಾಲಿಟ್ಟರೆ ಪಚಪಚ ಅನ್ನತೊಡಗಿತು. ಆಮೇಲೆ ಜಿನುಗು. ಉಂಡೆ ಆ ನೀರನ್ನು ದಿನವೂ ಗಾಜಿನ ಬಾಟಲಿಯಲ್ಲಿ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದಳು. ತಿಳಿನೀರು ಜಿನುಗಿದರೆ ಅಷ್ಟು ಹೆದರಬೇಕಾಗಿಲ್ಲ. ಮೂರನೆಯ ದಿನ ಬಾಟಲಿಯ ತಳದಲ್ಲಿ ಉಗುರಿನ ದಪ್ಪ ಮಣ್ಣು ಕೂತಿತ್ತು.

ಏರಿಯ ಕೆಳಗೆ ಮೂರು ಬೀದಿ, ಒಂದು ಶಾಲೆ. ಉಂಡೆ ತೂಬು ಪೂರ್ತಿ ಎತ್ತಿಸಿದಳು. ಆದರೆ ಮೇಲಿನಿಂದ ನೀರು ಬರುತ್ತಲೇ ಇತ್ತು; ದಿನಕ್ಕೆ ಮೂರು ಬೆರಳು ಇಳಿದರೆ ಹೆಚ್ಚು. ಮಣ್ಣು ಕೊರೆದು ನೋಡುವ ಯಂತ್ರ ಇದ್ದದ್ದು ಒಂದೇ, ಒಂದು ಗುಂಡಿಗೆ ಎರಡು ದಿನ. ಊಟದ ಮೇಜಿನ ಮೇಲೆ ನಕ್ಷೆ ಹಾಸಿ ಪೆನ್ಸಿಲಿನಿಂದ ಗುರುತು ಹಾಕಿದಳು.

"ಹದಿನೆಂಟರಿಂದ ಶುರು. ಆಮೇಲೆ ಹದಿನೇಳು, ಹದಿನಾರು, ಹದಿನಾಲ್ಕು, ಹದಿಮೂರು. ಹದಿನೈದು ಬೇಡ."

"ಯಾಕೆ ಬೇಡ?" ಅಂದೆ.

"ನೀನೂ ಸರಿ ಕೇಳ್ತೀಯ ಅತ್ತೆ! ಅದು ನನ್ನ ಪದರ. ಹತ್ತು ಸಲ ಓಡಿಸಿದ್ದು. ಅಲ್ಲವೇನಪ್ಪ?"

ತಮ್ಮನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. "ಹೂಂ," ಅಂದ.

ಇನ್ನು ನಿಜವಾಗಿ ನಡೆದದ್ದು ಹೇಳುತ್ತೇನೆ. ಉಂಡೆ ಹುಟ್ಟಿದ ಆ ದಿನ ಮೋಡ ಕಟ್ಟಿತ್ತು. ಮಳೆ ಬೀಳುವ ಮೊದಲು ಪದರ ಮುಗಿಯಬೇಕು, ಅರ್ಧಕ್ಕೆ ಬಿಟ್ಟು ಹೋದವನು ಮತ್ತೆ ಬರಬೇಕಾಗಿಲ್ಲ ಎಂದು ಗುತ್ತಿಗೆದಾರ ಬೆಳಿಗ್ಗೆಯೇ ಕೂಗಾಡಿ ಹೋಗಿದ್ದ. ಮೂರು ಗಂಟೆಗೆ ಶೆಡ್ಡಿನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯವರು. ಹೆಣ್ಣು ಮಗು, ತಾಯಿಗೆ ಹುಷಾರಿಲ್ಲ, ಬೇಗ ಬನ್ನಿ. ನಾನು ಓಡಿ ಹೋಗಿ ಹೇಳಿದೆ. ಅಷ್ಟು ಹೊತ್ತಿಗೆ ಆರು ಸಲ ಆಗಿತ್ತು. ಇನ್ನೆರಡಕ್ಕೆ ಮುಕ್ಕಾಲು ಗಂಟೆ ಬೇಕು. ಅವನು ಸ್ಟಿಯರಿಂಗ್ ಹಿಡಿದು ನನ್ನ ಮುಖ ನೋಡಿದ, ಅಷ್ಟೇ. ಹೋಗಲೇ ಎಂದು ಕೇಳಲಿಲ್ಲ. ನಾನೇ ಅಂದೆ: "ಹೋಗೋ ನೀನು. ಎಂಟು ಅಂತ ನಾನು ಬರೀತೀನಿ."

ಅವನು ಸೈಕಲ್ ಹತ್ತಿದ. ನಾನು ಪರೀಕ್ಷೆ ಮಾಡಿದೆ. ತೂಕ ಕಡಿಮೆ ಬಂತು. ಮುಂದಿನ ಪದರದ ಲಾರಿಗಳು ಸಾಲಾಗಿ ನಿಂತಿದ್ದವು, ಮೊದಲ ಹನಿ ನನ್ನ ಕೈಮೇಲೆ ಬಿತ್ತು. ಹಿಂದಿನ ದಿನದ ಅಂಕಿಯನ್ನೇ ಬರೆದು, ಎಂಟು ಅಂತ ಬರೆದು, ಸಹಿ ಹಾಕಿದೆ.

ಸಂಜೆ ಆಸ್ಪತ್ರೆಗೆ ಹೋದಾಗ ಎಲ್ಲ ಮುಗಿದಿತ್ತು. ತಮ್ಮ ಜಗಲಿಯ ಮೇಲೆ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದ. "ಜೀವ ಇದ್ದಾಗಲೇ ಸಿಕ್ಕಿದಳು ಅಕ್ಕ. ನನ್ನ ಬೆರಳು ಹಿಡ್ಕೊಂಡಿದ್ದಳು. ಮಗೂನ ನೋಡಿ, ಮೂಗು ನಿಮ್ಮಕ್ಕಂದೇ, ಕೋಪ ಇಟ್ಕೊಳ್ಳೋಕೆ ಬೇಕಾದಷ್ಟು ಜಾಗ ಇದೆ ಅಂದಳು," ಎಂದ. ನಾನು ಆ ದುಃಖದಲ್ಲೂ ನಕ್ಕುಬಿಟ್ಟೆ. ಅವಳು ಹಾಗೇ, ನನ್ನನ್ನು ರೇಗಿಸಲು ಕಾಯುತ್ತಿದ್ದವಳು. ಆ ಎರಡು ಸಲಕ್ಕೆ ಬದಲಾಗಿ ಅವನಿಗೆ ಹೆಂಡತಿಯ ಕೊನೆಯ ಮಾತು ಸಿಕ್ಕಿತಲ್ಲ ಎಂದುಕೊಂಡೆ. ಅದನ್ನು ನೆನೆದೇ ಇಷ್ಟು ವರ್ಷ ನಿದ್ದೆ ಮಾಡಿದೆ.

ಹದಿನೆಂಟರಲ್ಲಿ ಕೊರೆದರು. ಗಟ್ಟಿ ಮಣ್ಣು. ಹದಿನೇಳಕ್ಕೆ ಹೋದರು. ಕಿಟಕಿಯ ಬಾಟಲಿಯಲ್ಲಿ ಮಣ್ಣು ಎರಡು ಬೆರಳಾಯಿತು. ಮೂರು ದಿನ ನಾನು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ಆ ಮೂರು ದಿನಕ್ಕೆ ನನಗೆ ಕ್ಷಮೆ ಇಲ್ಲ. ನಾಲ್ಕನೆಯ ಬೆಳಿಗ್ಗೆ ಉಂಡೆ ಕೆಲಸಕ್ಕೆ ಹೋದ ಮೇಲೆ ತಮ್ಮನ ಎದುರು ನಿಂತೆ.

"ಹೇಳ್ತೀಯೋ, ನಾನು ಹೇಳಲೋ?"

"ಬೇಡ ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ." ಮಂಡಿ ಹೋದವನು, ನಿಜವಾಗಿಯೂ ಏಳಲು ನೋಡಿದ. "ಎಲ್ಲಿ ಬೇಕಾದರೂ ಅವಳು ಕೊರೀಲಿ, ಒಂದಲ್ಲ ಒಂದು ದಿನ ಹದಿನೈದಕ್ಕೂ ಬರ್ತಾಳೆ. ಅವಳಮ್ಮ ಸತ್ತ ದಿನದಲ್ಲಿ ಅವಳಿಗೆ ಅಂತ ಇರೋದು ಆ ಕತೆಯೊಂದೇ."

"ಅವಳು ಅಲ್ಲಿಗೆ ಬರೋ ಹೊತ್ತಿಗೆ ಕೆಳಗಿನ ಬೀದಿ ಇರುತ್ತೇನೋ? ಶಾಲೆ ಇರುತ್ತಾ?" ಎಂದು ಕಿರುಚಿದೆ. ಅವನು ಮುಖ ಮುಚ್ಚಿಕೊಂಡ. ಚಪ್ಪಲಿ ಮೆಟ್ಟಿ ಹೊರಟೆ.

ಬಿಸಿಲು ನೆತ್ತಿಗೆ ಬಂದಿತ್ತು. ಉಂಡೆ ಯಂತ್ರದ ಪಕ್ಕ ಪೆಟ್ಟಿಗೆಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. "ಏನತ್ತೆ, ಬೈಯೋಕೆ ಇಲ್ಲೀತನಕ ಬಂದ್ಯಾ?"

ಹೇಳಿದೆ. ನಿಂತುಕೊಂಡೇ ಎಲ್ಲ ಹೇಳಿದೆ.

ಅವಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. "ಎಷ್ಟು ಸಲ?"

"ಆರು."

"ತೂಕ?"

"ಹಿಂದಿನ ದಿನದ್ದು ಬರೆದೆ."

"ಹತ್ತು ಅಂತ ಅಪ್ಪ ಹೇಳಿದ್ದು?"

"ನೀನು ಅಳ್ತಿದ್ದೆ ಕಣೇ. ನಿನ್ನ ಅಳು ನಿಲ್ಲಿಸೋಕೆ."

ಮೂಗು ಕೆಂಪಾಗುತ್ತದೆ, ನನ್ನ ಮೇಲೆ ಹಾರಾಡುತ್ತಾಳೆ ಎಂದು ಕಾದೆ. ಹಾರಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಎದ್ದು ಯಂತ್ರದವನ ಹತ್ತಿರ ಹೋಗಿ, "ಇಲ್ಲಿ ಸಾಕು. ಹದಿನೈದಕ್ಕೆ ತಗೊಂಡು ನಡೀರಿ," ಎಂದಳು.

ಮರುದಿನ ಬೆಳಿಗ್ಗೆ ಆ ಪದರ ರಿಜಿಸ್ಟರು ಹೇಳಿದ ಆಳದಲ್ಲೇ ಸಿಕ್ಕಿತು. ಕೊಳವೆಯಿಂದ ಹೊರಬಂದ ಮಣ್ಣು ಕಲಸಿದ ಹಿಟ್ಟಿನಂತಿತ್ತು. ಉಂಡೆ ಅದನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿಸಿದಳು, ಬೆರಳಿಗೆಲ್ಲ ಮೆತ್ತಿತು. ಕೈಯನ್ನು ಬಹಳ ಹೊತ್ತು ನೋಡಿದಳು. ಸಂಜೆಯೊಳಗೆ ಮೂರು ಬೀದಿ ಖಾಲಿ ಮಾಡಿಸಿದಳು. ಎರಡು ದಿನ ಜಿನುಗುವ ಜಾಗದ ಮೇಲೆ ಮೊದಲು ಮರಳು, ಅದರ ಮೇಲೆ ಜಲ್ಲಿ ಸುರಿಸಿದರು, ನೀರು ಬಂದರೂ ಮಣ್ಣು ಬರದ ಹಾಗೆ. ಮೂರನೆಯ ಬೆಳಿಗ್ಗೆ ಬಾಟಲಿ ತಿಳಿಯಾಯಿತು. ಏರಿ ಉಳಿಯಿತು.

ಆ ಬೆಳಿಗ್ಗೆ ಅವಳು ಮನೆಗೆ ಬಂದಳು. ಬೂಟು ಬಿಚ್ಚದೆ, ಕೆಸರಿನಲ್ಲೇ, ಅಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಅವನು ತಲೆ ಸವರಲು ಕೈ ಚಾಚಿದ. ಅವಳು ಸ್ವಲ್ಪ ಹಿಂದೆ ಸರಿದಳು.

"ಒಂದೇ ಕೇಳ್ತೀನಿ. ಅಮ್ಮ ನಿಜವಾಗಲೂ ಸಿಕ್ಕಿದಳಾ? ಆ ಎರಡು ಸಲ ಬಿಟ್ಟು ಓಡಿದ್ದಕ್ಕೆ ಅಷ್ಟಾದರೂ ಸಿಕ್ತಾ ನಿನಗೆ?"

"ಸಿಕ್ಕಿತಲ್ಲೇ," ಎಂದು ನಾನೇ ಬಾಯಿ ಹಾಕಿದೆ. "ಮೂಗಿನ ಮಾತು ಆಡಿದಳಲ್ಲ, ನಿನಗೆಷ್ಟು ಸಲ ಹೇಳಿಲ್ಲ ನಾನು?"

"ಇಲ್ಲ," ಅಂದ ತಮ್ಮ.

ನನಗೆ ಅರ್ಥವಾಗಲಿಲ್ಲ.

"ನಾನು ಹೋದಾಗ ಮುಖದ ಮೇಲೆ ಬಟ್ಟೆ ಎಳೆದಿದ್ರು. ಎರಡು ಗಂಟೆಗೇ ಹೋಗಿದ್ದಳಂತೆ. ಫೋನ್ ಬಂದಿದ್ದು ಮೂರಕ್ಕೆ. ಸತ್ತಿದ್ದನ್ನ ಫೋನಲ್ಲಿ ಹೇಳಬಾರದು ಅಂತ ಹುಷಾರಿಲ್ಲ ಅಂದಿದ್ರು; ಬೇಗ ಬನ್ನಿ ಅಂದಿದ್ದು ಮಗೂನ ತಗೊಳ್ಳೋಕೆ."

"ಮತ್ತೆ ಆ ಮೂಗಿನ ಮಾತು?" ಎಂದೆ.

"ನಾನೇ ಕಟ್ಟಿದ್ದು ಅಕ್ಕ. ಜಗಲೀಲಿ ಕೂತು, ನೀನು ಬರೋದು ಕಾಯ್ತಾ. ಹುಟ್ಟಿದಾಗಿನಿಂದ ಒಂದು ಸುಳ್ಳೂ ಬರೆಯದವಳು ನನಗೋಸ್ಕರ ಬರೆದಿದ್ದೆ. ಅದು ದಂಡ ಆಯ್ತು ಅಂತ ಯಾವ ಬಾಯಲ್ಲಿ ಹೇಳಲಿ?"

ಇನ್ನೆರಡು ಸಲ ಓಡಿಸಿಯೇ ಹೋಗಿದ್ದರೂ ಏನೂ ಕಳೆಯುತ್ತಿರಲಿಲ್ಲ. ಅವಳು ಆಗಲೇ ಸತ್ತಿದ್ದಳು. ನಾನು ಯಾವುದನ್ನು ನೆನೆದು ನಿದ್ದೆ ಮಾಡಿದೆನೋ ಆ ಮಾತನ್ನು ಯಾರೂ ಆಡಿರಲಿಲ್ಲ. ಅತ್ತೆ, ಅಪ್ಪ ಇಬ್ಬರೂ ಅಳುವುದನ್ನು ನೋಡುತ್ತ ಉಂಡೆ ಕೂತೇ ಇದ್ದಳು. ಆಮೇಲೆ ಎದ್ದು ಕಿಟಕಿಯ ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಹೋದಳು. ವರದಿಯಲ್ಲಿ ಅಪ್ಪನ ಹೆಸರು, ನನ್ನ ಹೆಸರು, ತಾನು ಹುಟ್ಟಿದ ತಾರೀಖು, ಮೂರನ್ನೂ ಬರೆದಳು. ಬರೆಯಬೇಕಾದದ್ದೇ. ಅಂದಿನಿಂದ ಕಚೇರಿಯ ಹಿಂದಿನ ಕೋಣೆಯಲ್ಲೇ ಇದ್ದಾಳೆ. ಕೆಲಸ ಜಾಸ್ತಿ ಅನ್ನುತ್ತಾಳೆ.

ನೀರು ಇಳಿಯಲು ಎರಡು ತಿಂಗಳು ಹಿಡಿಯಿತು. ಹದಿನಾಲ್ಕರಿಂದ ಹದಿನಾರನೆಯ ಕಲ್ಲಿನವರೆಗೆ ಏರಿಯ ಮೇಲ್ಭಾಗ ಕಡಿದು, ಆ ಪದರವನ್ನು ತಳಸಮೇತ ಅಗೆದು, ಲಾರಿಗಳಲ್ಲಿ ತುಂಬಿ ಎಲ್ಲೋ ಸುರಿದು ಬಂದರು. ಅದೇ ಮಟ್ಟಕ್ಕೆ ಹೊಸ ಮಣ್ಣು ಹಾಕುವ ದಿನ ತಮ್ಮ ಹಟ ಹಿಡಿದ. ಕುರ್ಚಿ ಸಮೇತ ಅವನನ್ನು ಏರಿಯ ಮೇಲೆ ತಂದು ಕೂರಿಸಿದೆವು. ಉಂಡೆ ನಮ್ಮನ್ನು ನೋಡಿ ತಲೆಯಾಡಿಸಿದಳು. ಬೇಡ ಅನ್ನಲಿಲ್ಲ.

ರೋಲರ್ ಹೋಗಿ ಬಂದು ಮಾಡಿತು. ಅವಳು ಗಟ್ಟಿಯಾಗಿ ಎಣಿಸಿದಳು. ಏಳು. ಎಂಟು. ಡ್ರೈವರ್ ತಲೆ ಹೊರಗೆ ಹಾಕಿ, "ಎಂಟಾಯ್ತು ಮೇಡಂ," ಎಂದ.

ತಮ್ಮ ಕುರ್ಚಿಯಿಂದಲೇ ಎರಡು ಬೆರಳು ಎತ್ತಿದ.

ಡ್ರೈವರನಿಗೆ ತಿಳಿಯಲಿಲ್ಲ. ಮುದುಕನನ್ನು ನೋಡಿದ, ಮೇಡಮ್ಮನ್ನು ನೋಡಿದ. ಅವಳೂ ಆ ಬೆರಳುಗಳನ್ನು ನೋಡಿದಳು. ಮೂಗು ಕೆಂಪಾಯಿತು, ಆದರೆ ಅದು ಕೋಪಕ್ಕಲ್ಲ.

"ಎಂಟು ಸಾಕು," ಎಂದಳು. "ಆಫ್ ಮಾಡಿ."

ತಮ್ಮ ಒಂದೊಂದಾಗಿ ಬೆರಳು ಮಡಚಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

ಪರೀಕ್ಷೆಗೆ ತಕ್ಕಡಿ, ಕರಣೆ ತಂದಿಟ್ಟರು. ಎಷ್ಟು ವರ್ಷದ ಅಭ್ಯಾಸವೋ, ನಾನು ಯೋಚಿಸದೆ ಎದ್ದು ಹೋಗಿ ಬಗ್ಗಿ ಕರಣೆಗೆ ಕೈ ಹಾಕಿದೆ. ಅವಳು ಬಂದು ಮೆಲ್ಲಗೆ ನನ್ನ ಮುಂಗೈ ಹಿಡಿದಳು.

"ಬಿಡಿ ಅತ್ತೆ. ನೀವು ಮುಟ್ಟಬೇಡಿ."

ಬಿಟ್ಟೆ. ಬೇರೊಬ್ಬರು ಗುಂಡಿ ತೋಡಿ ತೂಗಿದರು. ಅವಳು ಮತ್ತೊಮ್ಮೆ ತೂಗಿಸಿದಳು. ಒಂದು ಸಲದ ಅಂಕಿಯನ್ನು ನಂಬಬೇಡ ಎಂದು ಚಿಕ್ಕವಳಿದ್ದಾಗ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಸರಿಯಿತ್ತು. ರಿಜಿಸ್ಟರಿನಲ್ಲಿ ಆ ದಿನದ ತಾರೀಖು ಬರೆದು ಸಹಿ ಹಾಕಿದಳು.

"ಈಗ ಗಟ್ಟಿ ಆಯ್ತಾ ಉಂಡೆ?" ಎಂದು ತಮ್ಮ ಕೇಳಿದ.

"ಆಯ್ತಪ್ಪ," ಎಂದಳು, ನಮ್ಮ ಕಡೆ ತಿರುಗದೆ, ಮುಂದಿನ ಲಾರಿಗೆ ಕೈಬೀಸುತ್ತ.